ಎದೆಯೊಳಗಿನ ಕಣ

(ಹಿರೇಗುಂಟನೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ದತ್ತಿ ಇಟ್ಟ ಮನೆಯವರು ನನಗೆ ದೊಡ್ಡ ವಿಷಯವನ್ನೇನೂ ಕೊಡಲಿಲ್ಲ. "ನಮ್ಮಪ್ಪ ಕಡೆಗಾಲಕ್ಕೆ ಉಸಿರಿಗೆ ಬಹಳ ಒದ್ದಾಡಿದರು ಡಾಕ್ಟ್ರೇ, ಅದರ ಬಗ್ಗೆ ನಾಲ್ಕು ಮಾತು ಹೇಳಿ" ಅಂದರು. ಹಾಗಾಗಿ ಇವತ್ತಿನ ಮಾತೆಲ್ಲ ಉಸಿರಿನದು.

ನಾನು ಸರ್ಕಾರಿ ಕೆಲಸಕ್ಕೆ ಹೊಸದಾಗಿ ಸೇರಿದ್ದ ದಿನಗಳಲ್ಲಿ ಒಬ್ಬ ಅಜ್ಜಿ ಸೊಸೆಯ ತೋಳು ಹಿಡಿದುಕೊಂಡು ಬಂದರು. ಏನಮ್ಮ ತೊಂದರೆ ಎಂದು ಕೇಳಿದೆ. "ಒಲೆ ಉರೀತಿಲ್ಲಪ್ಪಾ" ಅಂದರು. ನನಗೆ ತಲೆಬುಡ ತಿಳಿಯಲಿಲ್ಲ. ಸೊಸೆ ಬಿಡಿಸಿ ಹೇಳಿದಳು: ಅತ್ತೆಗೆ ಊದುಗೊಳವೆ ಊದಲು ಆಗುತ್ತಿಲ್ಲ, ಒಂದು ಸಲ ಊದಿದರೆ ಹತ್ತು ಸಲ ಏದುಸಿರು ಬಿಡುತ್ತಾರೆ, ಕೆಂಡ ಹೊತ್ತುವುದೇ ಇಲ್ಲ. ನಾನು ಒಂದು ಬೆಂಕಿಕಡ್ಡಿ ಗೀರಿ ಅವರ ಬಾಯಿಂದ ಆರು ಇಂಚು ದೂರ ಹಿಡಿದು, "ತುಟಿ ಚೂಪು ಮಾಡಬೇಡಿ, ಬಾಯಿ ಅಗಲ ತೆರೆದು ಊದಿ ಆರಿಸಿ" ಎಂದೆ. ಜ್ವಾಲೆ ಸ್ವಲ್ಪ ಬಾಗಿತು, ಮತ್ತೆ ನೆಟ್ಟಗೆ ನಿಂತಿತು. ಇನ್ನೊಮ್ಮೆ ಊದಿದರು, ಬಾಗಿತು, ನಿಂತಿತು. ಕಡ್ಡಿ ಉರಿದು ನನ್ನ ಬೆರಳಿಗೆ ಬಂತು. ಇದು ವೈದ್ಯರು ಬಹಳ ಹಿಂದಿನಿಂದ ಬಳಸುವ ಪರೀಕ್ಷೆ. ಈ ಕಡ್ಡಿ ಆರಿಸಲಾಗದವರ ಶ್ವಾಸನಾಳಗಳು ಚೆನ್ನಾಗಿಯೇ ಕಿರಿದಾಗಿವೆ ಎಂದು ತಿಳಿಯಬೇಕು.

ಆ ಅಜ್ಜಿ ಒಂದು ದಿನವೂ ಬೀಡಿ ಮುಟ್ಟಿದವರಲ್ಲ. ಗಣಿಗೆ ಹೋದವರಲ್ಲ, ಜಲ್ಲಿ ಕ್ರಷರ್ ಹತ್ತಿರ ಸುಳಿದವರಲ್ಲ. ಐವತ್ತು ವರ್ಷ ಒಲೆ ಮುಂದೆ ಕೂತವರು, ಅಷ್ಟೆ. ಒಲೆಯನ್ನು ಊದಿ ಊದಿ ಉರಿಸಿದ ಎದೆಯನ್ನು ಆ ಒಲೆಯ ಹೊಗೆಯೇ ತಿಂದಿತ್ತು. ಆವತ್ತಿನಿಂದ ನಾನು ಎದೆಗೆ ಸ್ಟೆತಸ್ಕೋಪ್ ಇಡುವ ಮೊದಲು ಎಲ್ಲಿ ಕೂತು ಅಡುಗೆ ಮಾಡುತ್ತೀರಿ, ಯಾವ ದೂಳಿನಲ್ಲಿ ಕೆಲಸ ಮಾಡುತ್ತೀರಿ ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ.

ಈಗ ಲೆಕ್ಕಕ್ಕೆ ಬರೋಣ. ಆರೋಗ್ಯವಂತ ದೊಡ್ಡವರು ಸುಮ್ಮನೆ ಕೂತಾಗ ನಿಮಿಷಕ್ಕೆ ಸುಮಾರು 15 ಸಲ ಉಸಿರಾಡುತ್ತಾರೆ. ದಿನಕ್ಕೆ 1,440 ನಿಮಿಷ. ಗುಣಿಸಿ ನೋಡಿ ಮಕ್ಕಳೇ, 21,600 ಬರುತ್ತದೆ. ನಮ್ಮ ಯೋಗದ ಹಿರಿಯರು ದಿನದ ಉಸಿರು ಇಷ್ಟೇ ಎಂದು ಎಂದೋ ಹೇಳಿಟ್ಟಿದ್ದಾರೆ. ಗಡಿಯಾರವಿಲ್ಲದ ಕಾಲದಲ್ಲಿ ಕೂತು ಎಣಿಸಿದವರ ತಾಳ್ಮೆ ನೆನೆದರೆ ನನಗೆ ಈಗಲೂ ಕೈ ಮುಗಿಯಬೇಕೆನಿಸುತ್ತದೆ. ಒಂದೊಂದು ಉಸಿರಿಗೆ ಅರ್ಧ ಲೀಟರ್ ಗಾಳಿ. ದಿನಕ್ಕೆ ಹತ್ತು ಸಾವಿರ ಲೀಟರಿಗೂ ಮೇಲೆ. ಗಾಳಿಗೂ ತೂಕವಿದೆ, ಲೀಟರಿಗೆ ಸುಮಾರು 1.2 ಗ್ರಾಂ. ಅಲ್ಲಿಗೆ ದಿನಕ್ಕೆ ಹದಿಮೂರು ಕಿಲೋ ಗಾಳಿಯನ್ನು ಒಳಗೆ ತೆಗೆದುಕೊಳ್ಳುತ್ತೇವೆ. ಮುದ್ದೆ, ಸಾರು, ನೀರು ಎಲ್ಲ ಸೇರಿದರೂ ನಾಲ್ಕು ಕಿಲೋ ದಾಟುವುದು ಕಷ್ಟ. ಅನ್ನದಲ್ಲಿ ಒಂದು ಕಲ್ಲು ಸಿಕ್ಕರೆ ಉಗುಳುತ್ತೇವೆ. ಗಾಳಿಯನ್ನು ಆರಿಸಿ ತಿನ್ನಲು ಬರುವುದಿಲ್ಲ.

ಆರಿಸುವ ಕೆಲಸವನ್ನು ನಮ್ಮ ಪರವಾಗಿ ಮಾಡುವುದು ಮೂಗು. ಮೂಗಿನೊಳಗೆ ಕೂದಲಿದೆ, ಒದ್ದೆ ಪೊರೆಯಿದೆ, ಸುರುಳಿ ಸುತ್ತಿದ ತೆಳು ಎಲುಬುಗಳಿವೆ. ಚಳಿಗಾಲದ ಮುಂಜಾವಿನ ಗಾಳಿ ಈ ಸುರುಳಿಗಳನ್ನು ಸವರಿಕೊಂಡು ಗಂಟಲಿಗೆ ಇಳಿಯುವಷ್ಟರಲ್ಲಿ ಹೆಚ್ಚುಕಡಿಮೆ ಮೈಶಾಖಕ್ಕೆ ಬಂದಿರುತ್ತದೆ, ತೇವವನ್ನೂ ಹೀರಿರುತ್ತದೆ. ಬಾಯಲ್ಲಿ ಉಸಿರಾಡುವವರಿಗೆ ಈ ಸೇವೆ ಇಲ್ಲ.

ಗಂಟಲಲ್ಲಿ ಒಂದು ಕವಲು. ಮುಂದಿನದು ಗಾಳಿಯ ದಾರಿ, ಹಿಂದಿನದು ಅನ್ನದ ದಾರಿ. ನುಂಗುವಾಗ ಗಾಳಿಯ ದಾರಿಗೆ ಒಂದು ಪುಟ್ಟ ಮುಚ್ಚಳ ಬೀಳುತ್ತದೆ. ಊಟ ಮಾಡುತ್ತ ಮಾತಾಡಿದರೆ, ನಕ್ಕರೆ ಮುಚ್ಚಳ ಬೀಳುವುದು ತಪ್ಪಿ ಒಂದು ಅಗುಳು ಗಾಳಿಯ ದಾರಿಗೆ ಜಾರುತ್ತದೆ. ಅದನ್ನೇ ನಾವು ನೆತ್ತಿಗೆ ಹತ್ತಿತು ಅನ್ನುವುದು. ಯಾರೋ ನೆನೆಸಿಕೊಂಡರು ಎಂದು ತಲೆ ತಟ್ಟುತ್ತೇವೆ. ಹತ್ತಿದ್ದು ನೆತ್ತಿಗಲ್ಲ, ಧ್ವನಿಪೆಟ್ಟಿಗೆಯ ಬಾಗಿಲಿಗೆ. ಆಗ ಬರುವ ಕೆಮ್ಮು ಆ ಬಾಗಿಲ ಕಾವಲುಗಾರ. ಕೆಮ್ಮುತ್ತಿರುವವರನ್ನು ಕೆಮ್ಮಲು ಬಿಡಿ.

ಇಲ್ಲಿ ತಾಯಂದಿರು ಸ್ವಲ್ಪ ಕಿವಿಗೊಡಬೇಕು. ಗಂಟಲಿಂದ ಕೆಳಗೆ ನಾಲ್ಕೈದು ಇಂಚಿನ ಶ್ವಾಸನಾಳ, ಅದಕ್ಕೆ ಕುದುರೆಲಾಳದಂತೆ ಹಿಂದೆ ಬಾಯಿಬಿಟ್ಟ ಹದಿನಾರರಿಂದ ಇಪ್ಪತ್ತು ಮೃದ್ವಸ್ಥಿ ಬಳೆಗಳು. ಎದೆಯಲ್ಲಿ ಅದು ಎರಡಾಗಿ ಒಡೆಯುತ್ತದೆ. ಎಡಗಡೆ ಹೃದಯಕ್ಕೆ ಜಾಗ ಬಿಡಬೇಕಾದ್ದರಿಂದ ಎಡ ಶ್ವಾಸಕೋಶಕ್ಕೆ ಎರಡೇ ಹಾಲೆ, ಬಲಕ್ಕೆ ಮೂರು. ಎಡ ಕವಲು ಓರೆಯಾಗಿ ಸರಿಯುತ್ತದೆ, ಬಲ ಕವಲು ಅಗಲವಾಗಿ, ಹೆಚ್ಚು ನೆಟ್ಟಗೆ ಇಳಿಯುತ್ತದೆ. ಹಾಗಾಗಿ ಮಗುವಿನ ಬಾಯಿಂದ ಜಾರಿದ್ದು ಸಾಮಾನ್ಯವಾಗಿ ಬಲಕ್ಕೇ ಬೀಳುತ್ತದೆ. ನಮ್ಮದು ಶೇಂಗಾ ಸೀಮೆ. ಚಳ್ಳಕೆರೆ, ಹಿರಿಯೂರು ಕಡೆ ಶೇಂಗಾ ಕೀಳುವ ಕಾಲದಲ್ಲಿ ಮನೆ ತುಂಬ ಬೀಜ ಚೆಲ್ಲಿರುತ್ತದೆ, ತೆವಳುವ ಕೂಸು ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತದೆ. ಒಂದು ಗಳಿಗೆ ವಿಪರೀತ ಕೆಮ್ಮು, ಆಮೇಲೆ ಎಲ್ಲ ಸರಿಹೋದಂತೆ ಕಾಣುತ್ತದೆ. ಬೀಜ ಬಲಗವಲಿನಲ್ಲಿ ತೇವ ಹೀರಿ ಉಬ್ಬುತ್ತ ಕೂತಿರುತ್ತದೆ. ವಾರ ಕಳೆದು ಜ್ವರ, ಒಂದೇ ಪಕ್ಕೆಯಲ್ಲಿ ಗೊರಗೊರ, ಎಷ್ಟು ಔಷಧ ಕೊಟ್ಟರೂ ಮರಳಿ ಬರುವ ನ್ಯುಮೋನಿಯಾ. ವೈದ್ಯರು ಕೇಳದಿದ್ದರೂ "ಆವತ್ತು ಶೇಂಗಾ ತಿಂದು ಕೆಮ್ಮಿತ್ತು" ಎಂದು ನೀವೇ ಹೇಳಿ. ಕೊಳವೆ ಇಳಿಸಿ ಬೀಜ ತೆಗೆದರೆ ಮಗು ಚೇತರಿಸಿಕೊಳ್ಳುತ್ತದೆ. ಐದು ವರ್ಷ ತುಂಬುವ ತನಕ ಶೇಂಗಾವನ್ನು ಪುಡಿ ಮಾಡಿಯೇ ಕೊಡಿ.

ಆ ಎರಡು ಕವಲು ಮತ್ತೆ ಮತ್ತೆ ಎರಡಾಗುತ್ತ ಇಪ್ಪತ್ತಮೂರು ಸಲ ಒಡೆಯುತ್ತವೆ. ತುದಿಯಲ್ಲಿ ಗಾಳಿಗೂಡುಗಳು, ಮೂವತ್ತರಿಂದ ಐವತ್ತು ಕೋಟಿ. ಅಷ್ಟನ್ನೂ ಬಿಡಿಸಿ ಹಾಸಿದರೆ ವಾಲಿಬಾಲ್ ಅಂಕಣದ ಅರ್ಧದಷ್ಟು ಜಾಗ ಬೇಕಾದೀತು. ಗೂಡಿನ ಗೋಡೆ ಒಂದು ಮೈಕ್ರಾನಿಗಿಂತ ತೆಳು, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲೂ ಇಲ್ಲ. ಅದರ ಒಂದು ಮಗ್ಗುಲಲ್ಲಿ ಹೊರಗಿನ ಗಾಳಿ, ಇನ್ನೊಂದು ಮಗ್ಗುಲಲ್ಲಿ ನಮ್ಮ ರಕ್ತ. ಆಮ್ಲಜನಕ ಆ ಕಡೆಗೆ ದಾಟುತ್ತದೆ, ಇಂಗಾಲದ ಡೈಆಕ್ಸೈಡ್ ಈ ಕಡೆಗೆ. ಹಿರೇಗುಂಟನೂರಿನ ಗಾಳಿಗೂ ನಿಮ್ಮ ರಕ್ತಕ್ಕೂ ನಡುವೆ ಇರುವುದು ಇಷ್ಟು ತೆಳು ಪರದೆ. ಚರ್ಮದ ಹಾಗೆ ದಪ್ಪ ಮಾಡಿಕೊಂಡರೆ ಉಸಿರಾಟವೇ ನಡೆಯದು.

ಶ್ವಾಸಕೋಶಕ್ಕೆ ಸ್ವಂತ ಸ್ನಾಯುವಿಲ್ಲ. ಕುಲುಮೆಯ ತಿದಿ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಚರ್ಮದ ಚೀಲ ತಾನಾಗಿ ಗಾಳಿ ಎಳೆಯುವುದಿಲ್ಲ, ಕಮ್ಮಾರ ಎಳೆದು ಹಿಗ್ಗಿಸಬೇಕು. ಎದೆಗೂ ಹೊಟ್ಟೆಗೂ ನಡುವೆ ಕೊಡೆಯಂತೆ ಹರಡಿರುವ ವಪೆ ಕೆಳಗೆ ಇಳಿಯುತ್ತದೆ, ಪಕ್ಕೆಲುಬುಗಳು ಮೇಲೇಳುತ್ತವೆ, ಚೀಲ ಹಿಗ್ಗುತ್ತದೆ, ಗಾಳಿ ನುಗ್ಗುತ್ತದೆ. ಬಿಟ್ಟಾಗ ರಬ್ಬರಿನಂತೆ ತಾನೇ ಕುಗ್ಗುತ್ತದೆ. ಪುಟ್ಟ ಮಕ್ಕಳ ಪಕ್ಕೆಲುಬು ಇನ್ನೂ ಎಳಸು. ಅವರಿಗೆ ನ್ಯುಮೋನಿಯಾ ಆದಾಗ ವಪೆ ಜೋರಾಗಿ ಜಗ್ಗುವುದರಿಂದ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆದುಕೊಳ್ಳುತ್ತದೆ. ಅಂಗಿ ಬಿಚ್ಚಿ ನೋಡಿ, ಮಗು ಅಳದೆ ಮಲಗಿರುವಾಗ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40. ಉಸಿರು ಇಷ್ಟು ಮುಟ್ಟಿದರೆ, ಇಲ್ಲವೇ ಪಕ್ಕೆ ಸೆಳೆದರೆ, ರಾತ್ರಿಯಾಗಿದೆ ಎಂದು ಕಾಯಬೇಡಿ. ನಿಮ್ಮ ಆಶಾ ಕಾರ್ಯಕರ್ತೆಗೆ ಈ ಅಂಕಿ ಬಾಯಿಪಾಠ ಇರುತ್ತದೆ, ನಿಮಗೂ ಇರಲಿ.

ಉಸಿರಾಡು ಎಂದು ಅಪ್ಪಣೆ ಕೊಡುವುದು ಮೆದುಳಿನ ಬುಡ. ಅದು ಮುಖ್ಯವಾಗಿ ಕಣ್ಣಿಟ್ಟಿರುವುದು ಆಮ್ಲಜನಕದ ಮೇಲಲ್ಲ, ರಕ್ತದಲ್ಲಿ ಏರುವ ಇಂಗಾಲದ ಡೈಆಕ್ಸೈಡ್ ಮೇಲೆ. ಬಾವಿಗೆ ಧುಮುಕುವ ಹುಡುಗರೇ, ನೀರೊಳಗೆ ಹೆಚ್ಚು ಹೊತ್ತು ಇರಬೇಕೆಂದು ದಡದಲ್ಲಿ ನಿಂತು ಬುಸಬುಸ ಉಸಿರಾಡಿ ಮುಳುಗಬೇಡಿ. ಹಾಗೆ ಮಾಡಿದರೆ ಆ ಅನಿಲ ಖಾಲಿಯಾಗಿ ಉಸಿರು ಬೇಕು ಎಂಬ ಸೂಚನೆಯೇ ತಡವಾಗುತ್ತದೆ, ಆಮ್ಲಜನಕ ಮುಗಿದು ನೀರಲ್ಲೇ ಪ್ರಜ್ಞೆ ತಪ್ಪುತ್ತದೆ.

ನಮ್ಮ ಹಿರಿಯರಿಗೆ ಗಾಳಿಯ ಈ ಗುಟ್ಟು ಹಗೇವಿನಿಂದ ಗೊತ್ತಿತ್ತು. ನೆಲದೊಳಗಿನ ಹಗೇವಿನಲ್ಲಿ ರಾಗಿ, ಜೋಳ ತುಂಬಿ ಮುಚ್ಚುತ್ತಿದ್ದರು. ಕಾಳು ಸತ್ತ ವಸ್ತುವಲ್ಲ, ಅದೂ ಉಸಿರಾಡುತ್ತದೆ. ತಿಂಗಳುಗಟ್ಟಲೆ ಕತ್ತಲಲ್ಲಿ ಕೂತು ಗುಂಡಿಯ ಆಮ್ಲಜನಕ ಮುಗಿಸಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಹುಳು ಹಿಡಿಯದಿರುವುದೂ ಅದರಿಂದಲೇ. ಬಾಯಿ ತೆಗೆದ ಕೂಡಲೇ ಇಳಿದವನು ಕುಸಿಯುತ್ತಿದ್ದ, ಅವನನ್ನು ಎತ್ತಲು ಇಳಿದವನೂ ಕುಸಿಯುತ್ತಿದ್ದ. ಅದಕ್ಕೇ ಒಂದು ದಿನ ಬಾಯಿ ತೆರೆದಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ದೀಪ ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇ 21. ಅದು ಹದಿನಾರು, ಹದಿನೇಳಕ್ಕೆ ಇಳಿದರೆ ದೀಪ ಆರುತ್ತದೆ, ಮನುಷ್ಯ ಬೀಳುವುದು ಅದಕ್ಕಿಂತ ಕೆಳಗೆ. ದೀಪ ನಮಗಿಂತ ಮೊದಲು ಸೋಲುತ್ತದೆ, ಆದ್ದರಿಂದ ಉಳಿಸುತ್ತದೆ. ಇವತ್ತಿನ ಗೋಬರ್ ಗ್ಯಾಸ್ ಗುಂಡಿಗೆ, ಶೌಚದ ಗುಂಡಿಗೆ ಮಾತ್ರ ಈ ಉಪಾಯ ಬೇಡವೇ ಬೇಡ. ಅಲ್ಲಿನ ಅನಿಲ ಬೆಂಕಿಗೆ ಸಿಡಿಯುತ್ತದೆ. ಅಂಥ ಗುಂಡಿಗೆ ಮನುಷ್ಯರು ಇಳಿಯಲೇಬಾರದು.

ಈಗ ನಾನು ಮುಖ್ಯವಾಗಿ ಹೇಳಬೇಕೆಂದು ಬಂದ ಮಾತು. ಕಣದಲ್ಲಿ ರಾಶಿ ತೂರುವುದನ್ನು ನೀವೆಲ್ಲ ನೋಡಿದ್ದೀರಿ, ಈಗ ಯಂತ್ರ ಬಂದಿದ್ದರೂ ಮರೆತಿಲ್ಲ. ಗಾಳಿ ಬೀಸುವ ದಿಕ್ಕು ನೋಡಿ ಮೊರ ಎತ್ತಿ ಸುರಿದರೆ ಕಾಳು ಕಾಲ ಬುಡಕ್ಕೆ, ಜೊಳ್ಳು ಒಂದು ಮಾರು ಆಚೆ, ಹೊಟ್ಟು ಇನ್ನೂ ಆಚೆ ಬೀಳುತ್ತದೆ. ಸುಂಕು ಮಾತ್ರ ಎಲ್ಲೂ ಬೀಳುವುದಿಲ್ಲ, ಗಾಳಿಯಲ್ಲೇ ತೇಲಿ ಕುತ್ತಿಗೆ ಕೆರೆಯುತ್ತದೆ. ನಮ್ಮ ಎದೆಯೊಳಗೂ ಇಂಥದ್ದೇ ಒಂದು ಕಣವಿದೆ, ಅಲ್ಲಿ ತೂರಿಸಿಕೊಳ್ಳುವುದು ದೂಳು. ತಲೆಗೂದಲು ಐವತ್ತರಿಂದ ನೂರು ಮೈಕ್ರಾನ್ ದಪ್ಪ. ಹತ್ತು ಮೈಕ್ರಾನಿಗಿಂತ ದೊಡ್ಡ ದೂಳು ಮೂಗು, ಗಂಟಲಲ್ಲೇ ಅಂಟುತ್ತದೆ. ಐದರ ಆಸುಪಾಸಿನದು ಕವಲುಗಳ ಲೋಳೆಗೆ ಸಿಗುತ್ತದೆ. ಆ ಲೋಳೆಯ ಕೆಳಗೆ ಸೂಕ್ಷ್ಮ ರೋಮಗಳ ಹಾಸಿದೆ, ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಬಾಗಿ ಎದ್ದು ಲೋಳೆಯನ್ನು ಗಂಟಲಿನತ್ತ ತಳ್ಳುತ್ತಲೇ ಇರುತ್ತದೆ. ಮೆಕ್ಕೆಜೋಳ ಒಕ್ಕಿದ ರಾತ್ರಿ ಸೀನಿದರೆ, ಕ್ಯಾಕರಿಸಿದರೆ ಕಪ್ಪು ಬರುತ್ತದಲ್ಲ, ಹೆದರಿ ನನ್ನ ಹತ್ತಿರ ಬರುತ್ತೀರಿ. ಅದು ಸಿಕ್ಕಿಬಿದ್ದ ದೂಳು, ದೇಹ ಗುಡಿಸಿ ಹೊರಗೆ ಹಾಕಿದ ಕಸ. ಬೀಡಿ ಸೇದುವವರಲ್ಲಿ ಈ ರೋಮಗಳು ಮೊದಲು ಮಂಕಾಗುತ್ತವೆ, ಆಮೇಲೆ ನಾಶವಾಗುತ್ತವೆ. ಅವರ ಬೆಳಗಿನ ಕೆಮ್ಮೆಂದರೆ ಕಸಬರಿಗೆ ಕಳೆದುಕೊಂಡ ಮನೆಯನ್ನು ಕೈಯಲ್ಲಿ ಬಾಚಿದ ಹಾಗೆ.

ಎರಡು ಮೈಕ್ರಾನಿಗಿಂತ ಸಣ್ಣದು ಈ ಕಣಕ್ಕೆ ಸಿಕ್ಕುವುದಿಲ್ಲ. ಅದೇ ಸುಂಕು. ಗಾಳಿ ಅಲುಗದ ಕೋಣೆಯಲ್ಲಿ ಹತ್ತು ಮೈಕ್ರಾನಿನ ಕಲ್ಲುದೂಳು ಮೂಗಿನ ಎತ್ತರದಿಂದ ನೆಲಕ್ಕೆ ಇಳಿಯಲು ಮೂರ್ನಾಲ್ಕು ನಿಮಿಷ ಸಾಕು. ಒಂದು ಮೈಕ್ರಾನಿನದಕ್ಕೆ ನಾಲ್ಕು ಗಂಟೆಗೂ ಹೆಚ್ಚು ಬೇಕು. ಭೀಮಸಮುದ್ರದ ಕಡೆಯ ಗುಡ್ಡಗಳಿಂದ ಅದಿರು ಹೊತ್ತ ಲಾರಿ ಹೋದಮೇಲೆ ಅಡಿಕೆ ಗರಿ ಕೆಂಪಾಗುತ್ತದೆ ಎಂದು ನೀವು ತೋರಿಸುತ್ತೀರಿ. ಅದು ಬೆಳೆಗೆ ಕೆಟ್ಟದ್ದು, ನಿಮ್ಮ ಸಿಟ್ಟು ನ್ಯಾಯದ್ದು. ಆದರೆ ಗರಿಯ ಮೇಲೆ ಕೂತ ದೂಳು ಎದೆಗೆ ಇಳಿಯಲಿಲ್ಲ. ಎದೆಗೆ ಇಳಿಯುವುದು, ಲಾರಿ ಹೋಗಿ ರಸ್ತೆ ತಿಳಿಯಾಯಿತು ಎಂದು ನೀವು ಟವೆಲ್ ಬಿಚ್ಚಿದ ಮೇಲೂ ಗಾಳಿಯಲ್ಲಿ ಉಳಿದದ್ದು.

ಗೂಡು ಮುಟ್ಟಿದ ದೂಳನ್ನು ನುಂಗಲು ಅಲ್ಲಿ ಕಾವಲು ಕೋಶಗಳಿವೆ. ಇಂಗಾಲದ ಮಸಿ, ಕಬ್ಬಿಣದ ತುಕ್ಕು ನುಂಗಿ ಹೇಗೋ ಬದುಕುತ್ತವೆ. ಬೆಣಚುಕಲ್ಲಿನ ಪುಡಿ, ಅಂದರೆ ಸಿಲಿಕಾ ನುಂಗಿದರೆ ಮಾತ್ರ ಕೋಶವೇ ಸಾಯುತ್ತದೆ. ಸತ್ತ ಕೋಶದಿಂದ ಹೊರಬಿದ್ದ ಅದೇ ಹರಳನ್ನು ಇನ್ನೊಂದು ಕೋಶ ನುಂಗುತ್ತದೆ, ಅದೂ ಸಾಯುತ್ತದೆ. ಸತ್ತಲ್ಲೆಲ್ಲ ಗಂಟುಗಂಟಾಗಿ ಕಲೆ ಕಟ್ಟುತ್ತದೆ, ತೆಳು ಪರದೆ ಚಕ್ಕಳವಾಗುತ್ತದೆ. ಇದು ಸಿಲಿಕೋಸಿಸ್. ನಮ್ಮ ಚಿತ್ರದುರ್ಗದ ಕಬ್ಬಿಣದ ಅದಿರು ಬೆಣಚಿನ ಪಟ್ಟೆಗಳೊಡನೆ ಸೇರಿಕೊಂಡೇ ಇರುವ ಕಲ್ಲು, ಕೋಟೆಯ ಗ್ರಾನೈಟಿನಲ್ಲೂ ಬೆಣಚು ಇದೆ. ಬಂಡೆಯಾಗಿ ನಿಂತಾಗ ಅದು ಯಾರಿಗೂ ಕೇಡು ಮಾಡದು, ಕೊರೆದು ಪುಡಿ ಮಾಡಿದಾಗ ಎದೆಗೆ ಬರುತ್ತದೆ. ಈ ಕಾಯಿಲೆಯ ಹೆಸರು ಬಂದಾಗ ನಮ್ಮ ವೈದ್ಯ ಪಠ್ಯಗಳು ಮೊದಲು ಎತ್ತುವುದು ಕೋಲಾರದ ಚಿನ್ನದ ಗಣಿಯನ್ನು. ಭಾರತದಲ್ಲಿ ಇದು ಮೊದಲು 1947ರಲ್ಲಿ ಅಲ್ಲಿಂದ ವರದಿಯಾಯಿತು ಎಂದು ನಾವು ಓದಿದ್ದೆವು. ಗಣಿ 2001ರಲ್ಲಿ ಮುಚ್ಚಿತು. ಎದೆಯೊಳಗೆ ಸೇರಿದ ಬೆಣಚು ಗಣಿ ಮುಚ್ಚಿತೆಂದು ಸುಮ್ಮನಾಗುವುದಿಲ್ಲ, ಕೆಲಸ ಬಿಟ್ಟ ಮೇಲೂ ಕಾಯಿಲೆ ಬೆಳೆಯುತ್ತದೆ. ಕಲೆ ಕಟ್ಟಿದ್ದನ್ನು ಅಳಿಸುವ ಔಷಧ ನನ್ನ ಬಳಿ ಇಲ್ಲ, ಯಾವ ದೊಡ್ಡಾಸ್ಪತ್ರೆಯಲ್ಲೂ ಇಲ್ಲ. ಇರುವ ದಾರಿ ದೂಳು ಏಳದಂತೆ ನೋಡುವುದು: ನೀರು ಹಾಯಿಸುತ್ತ ಕೊರೆಯುವುದು, ಕ್ರಷರ್ ಬಾಯಿಗೆ ನೀರು ಚಿಮುಕಿಸುವುದು, ಲಾರಿಗೆ ಟಾರ್ಪಾಲು, ರಸ್ತೆಗೆ ದಿನಕ್ಕೆ ಹಲವು ಸಲ ಟ್ಯಾಂಕರ್. ಕಟ್ಟಿಕೊಳ್ಳುವುದಾದರೆ ಟವೆಲ್ ಅಲ್ಲ, ಮುಖಕ್ಕೆ ಬಿಗಿಯಾಗಿ ಕೂರುವ ಎನ್-95. ಕೆಲಸ ಕೊಡುವವರಿಂದ ಇದನ್ನು ಕೇಳಿ ಪಡೆಯಿರಿ, ಅದು ಭಿಕ್ಷೆಯಲ್ಲ.

ದಾವಣಗೆರೆ ನಮ್ಮ ಜಿಲ್ಲೆಯಲ್ಲೇ ಇದ್ದ ಕಾಲಕ್ಕೆ, ಅಂದರೆ 1997ಕ್ಕೆ ಮೊದಲು, ಹತ್ತಿ ಗಿರಣಿ ಕೆಲಸಕ್ಕೆ ಈ ಕಡೆಯಿಂದಲೂ ಜನ ಹೋಗುತ್ತಿದ್ದರು. ಹತ್ತಿದೂಳಿನ ಕಾಯಿಲೆಯ ಗುರುತೇ ಬೇರೆ. ಭಾನುವಾರ ರಜೆ ಮುಗಿಸಿ ಸೋಮವಾರ ಕೆಲಸಕ್ಕೆ ಹೋದ ದಿನ ಎದೆ ಬಿಗಿಯುತ್ತದೆ, ವಾರ ಕಳೆದಂತೆ ಸಡಿಲವಾಗುತ್ತದೆ. ನಿಮ್ಮ ಎದೆ ಯಾವ ದಿನ, ಯಾವ ಜಾಗದಲ್ಲಿ ಬಿಗಿಯುತ್ತದೆ ಎಂದು ಗಮನಿಸಿ ಹೇಳಿದರೆ ಅರ್ಧ ರೋಗ ಪತ್ತೆಯಾದ ಹಾಗೆಯೇ.

ಸಿಲಿಕಾ ಹೊಕ್ಕ ಎದೆಗೆ ಕ್ಷಯ ಬೇಗ ಅಂಟುತ್ತದೆ. ಕ್ಷಯದ ಮಾತು ಬಂದಾಗ ನಮ್ಮ ನೆರೆಯ ತುಮಕೂರು ಜಿಲ್ಲೆಯನ್ನು ನೆನೆಯಬೇಕು. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು, ಅದರವರು ತುಮಕೂರಿನ ಹಳ್ಳಿ ಹಳ್ಳಿ ಸುತ್ತಿ ಸಮೀಕ್ಷೆ ಮಾಡಿದರು. ಹಳ್ಳಿಯ ಜನಕ್ಕೆ ತಿಳಿವಳಿಕೆ ಇಲ್ಲ, ರೋಗ ಬಚ್ಚಿಡುತ್ತಾರೆ ಎಂದು ಪಟ್ಟಣದವರು ನಂಬಿದ್ದ ಕಾಲ. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1963ರಲ್ಲಿ ಪ್ರಕಟಿಸಿದ ಅಧ್ಯಯನ ಅದನ್ನು ತಲೆಕೆಳಗು ಮಾಡಿತು. ರೋಗಿಗಳಲ್ಲಿ ಬಹುಪಾಲು ಜನಕ್ಕೆ ತಮ್ಮ ಕೆಮ್ಮಿನ ಅರಿವಿತ್ತು. ಅರ್ಧಕ್ಕೂ ಹೆಚ್ಚು ಮಂದಿ ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು, ಒಂದು ಬಾಟಲಿ ಕೆಮ್ಮಿನ ಔಷಧ ಹಿಡಿದು ವಾಪಸ್ಸಾಗಿದ್ದರು. ತಪ್ಪು ಜನರದ್ದಲ್ಲ, ನಮ್ಮ ವೃತ್ತಿಯದ್ದು. ಕೆಮ್ಮಿಕೊಂಡು ಬಂದವರ ಕಫವನ್ನು ಅಲ್ಲೇ ಪರೀಕ್ಷಿಸಬೇಕು ಎಂಬ ನೀತಿ ದೇಶಕ್ಕೆಲ್ಲ ಹಬ್ಬಿದ್ದರ ಹಿಂದೆ ತುಮಕೂರಿನ ಆ ಹಳ್ಳಿಗರಿದ್ದಾರೆ. ಎರಡು ವಾರ ದಾಟಿದ ಕೆಮ್ಮಿಗೆ ಬರೀ ಸಿರಪ್ ಬರೆದುಕೊಟ್ಟರೆ, "ಕಫ ಪರೀಕ್ಷೆ ಬರೀರಿ ಸಾರ್" ಎಂದು ಕೇಳುವ ಹಕ್ಕು ಅವತ್ತಿನಿಂದ ನಿಮ್ಮದಾಗಿದೆ. ಔಷಧ ಉಚಿತ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ, ಒಂದು ದಿನವೂ ತಪ್ಪಬಾರದು.

ಮತ್ತೆ ಅಜ್ಜಿಯ ಒಲೆಗೆ ಬರುತ್ತೇನೆ. ಸೌದೆ ಹೊಗೆಯ ಕಣಗಳು ಹೆಚ್ಚಿನವು ಒಂದು ಮೈಕ್ರಾನಿಗಿಂತ ಸಣ್ಣವು, ನೇರ ಗೂಡಿಗೇ ಇಳಿಯುವಂಥವು. ಗಣಿಗೆ ಹೋಗುವ ಗಂಡಸಿಗೆ ಪಾಳಿ ಮುಗಿಯುತ್ತದೆ, ಒಲೆಯ ಪಾಳಿ ಹೆಣ್ಣುಮಕ್ಕಳಿಗೆ ಜೀವಮಾನವೆಲ್ಲ. ಬೆನ್ನಿಗೆ ಅಂಟಿಕೊಂಡ ಕೂಸೂ ಅದೇ ಹೊಗೆ ಕುಡಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ಎಂಬ ಕೇಂದ್ರದವರು ಕುಣಿಗಲ್ ತಾಲ್ಲೂಕಿನ ಉಂಗ್ರ ಹಳ್ಳಿಯಲ್ಲಿ ಬೀಡುಬಿಟ್ಟು ಕೆಲಸ ಮಾಡಿದರು. ಅವರು ರೂಪಿಸಿದ ಮೂರು ಪಾತ್ರೆಯ, ಹೊಗೆಕೊಳವೆಯ ಒಲೆಗೆ ಅಸ್ತ್ರ ಒಲೆ ಎಂದೇ ಹೆಸರಾಯಿತು. ಹೊಗೆ ಸೂರಿನಾಚೆ ಹೋಗುತ್ತಿತ್ತು, ಸೌದೆಯೂ ಉಳಿಯುತ್ತಿತ್ತು. ವಿಜ್ಞಾನಿಗಳು ಅಡುಗೆಮನೆಯ ನೆಲದ ಮೇಲೆ ಕೂತು ನೋಡಿದ್ದರಿಂದ ಹುಟ್ಟಿದ ವಸ್ತು ಅದು, ನನಗೆ ಅದರ ಮೇಲೆ ಬಹಳ ಗೌರವ. 2016ರಿಂದ ಉಜ್ವಲಾ ಸಿಲಿಂಡರ್ ಬಂತು. ಆದರೂ ಬಚ್ಚಲ ನೀರಿಗೆ, ದನಕ್ಕೆ ಹುರುಳಿ ಬೇಯಿಸಲು, ಅಡಿಕೆ ಕಾಲದಲ್ಲಿ ಹಂಡೆಗೆ ಸೌದೆಯೇ ಉರಿಯುತ್ತಿದೆ. ಸಿಲಿಂಡರ್ ಮೂಲೆಯಲ್ಲಿಟ್ಟು ಮುದ್ದೆಯನ್ನೂ ಒಲೆಯಲ್ಲೇ ಮಾಡುವ ಮನೆಗಳಿವೆ. ಅಡುಗೆಮನೆಯ ಜಂತೆ ನೋಡಿ, ಮಸಿ ಜೋತಾಡುತ್ತಿದ್ದರೆ ಅದರಲ್ಲಿ ಒಂದು ಪಾಲು ಅಡುಗೆ ಮಾಡುವವರ ಎದೆಯಲ್ಲೂ ಇದೆ. ಮನೆ ಕಟ್ಟುವಾಗ ದೇವರ ಕೋಣೆಗೆ ಕೊಡುವ ಲಕ್ಷ್ಯದಲ್ಲಿ ಕಾಲುಭಾಗವನ್ನು ಒಲೆಯ ಮೇಲಿನ ಹೊಗೆಗೂಡಿಗೆ ಕೊಡಿ, ಗಂಡಸರಿಗೇ ಇದನ್ನು ಹೇಳುತ್ತಿದ್ದೇನೆ.

ಆ ಅಜ್ಜಿಗೆ ಔಷಧದಿಂದ ಸ್ವಲ್ಪ ಹಗುರವಾಯಿತು, ಪೂರ್ತಿ ವಾಸಿಯಾಗಲಿಲ್ಲ. ಸೊಸೆ ಒಲೆಯನ್ನು ಹಿತ್ತಿಲ ಚಪ್ಪರದ ಕೆಳಗೆ ಹಾಕಿಕೊಂಡಳು.

ಮಾತು ಮುಗಿದ ಮೇಲೆ ಕತ್ತಲಾಗುವ ತನಕ ನಾನು ಜಗುಲಿ ಮೇಲೆ ಕೂತಿರುತ್ತೇನೆ. ಊದಿ ನೋಡುವ ಮೀಟರ್ ಇದೆ, ಒಂದು ಬೆಂಕಿಪೊಟ್ಟಣವೂ ಇದೆ. ಕಲ್ಲು ಕೊರೆಯುವವರು, ಲಾರಿ ತುಂಬುವವರು, ಎರಡು ವಾರದಿಂದ ಕೆಮ್ಮುತ್ತಿರುವವರು ಬನ್ನಿ. ಒಲೆ ಮುಂದೆ ಕೂರುವವರು ಮೊದಲು ಬನ್ನಿ.